ಬೆಳಗಾವಿಯ ಟಿಳಕವಾಡಿಯಲ್ಲಿ ಅವ್ವನ ಕೈಗೂ ನನ್ನ ಕಾಲಿಗೂ ಮಾಡಿಸಿದ ಲಿಂಫ್ ಮಸಾಜ್

ಮೊದಲೇ ಹೇಳಿಬಿಡುತ್ತೇನೆ, ಎಣ್ಣೆ ಹಚ್ಚಿ ಗಸಗಸ ತಿಕ್ಕಿಸಿಕೊಂಡು ಬಿಸಿನೀರು ಹೊಯ್ದುಕೊಳ್ಳುವ ಮಸಾಜ್ ಬೇಕಿದ್ದರೆ ಇದು ನಿಮಗಲ್ಲ. ಇಲ್ಲಿ ಎಣ್ಣೆಯೇ ಇಲ್ಲ, ಮೈಯಲ್ಲಿ ನಿಂತ ನೀರನ್ನು ಹಗುರವಾಗಿ ಸವರಿ ಹರಿಸುವ ಮಸಾಜ್ ಇದು.

ಅವ್ವನಿಗೆ ಎದೆಯ ಕ್ಯಾನ್ಸರ್ ಆಪರೇಷನ್ ಆಗಿ ಮೂರು ವರ್ಷ. ಬಗಲಿನ ಲಿಂಫ್ ಗಂಟುಗಳನ್ನೂ ತೆಗೆದಿದ್ದರು, ಆಮೇಲೆ ರೇಡಿಯೇಷನ್ ಆಯಿತು. ಸದ್ಯ ಎಲ್ಲ ಮುಗೀತು ಅಂದುಕೊಂಡ ಮೇಲೆ ಬಲಗೈ ಬಾಯತೊಡಗಿತು. ಮೊದಲು ಬಳೆ ಬಿಗಿಯಾದವು, ಆಮೇಲೆ ಕುಬಸದ ತೋಳು ಏರಲಿಲ್ಲ, ಕೊನೆಗೆ ರೊಟ್ಟಿ ಬಡಿಯಲು ಕೂತವಳು ಕೈಗೆ ಕಲ್ಲು ಕಟ್ಟಿದಂಗ ಆಗ್ತದ ಅಂತ ಎದ್ದುಬಿಟ್ಟಳು. ಓಣಿಯವರು ಆನೆಕಾಲು ರೋಗ ಕೈಗೆ ಬಂದಿದೆ ಅಂದರು. ಅದಲ್ಲ. ಆನೆಕಾಲು ಬರುವುದು ಸೊಳ್ಳೆ ಹರಡುವ ಹುಳದಿಂದ. ಅವ್ವನಿಗೆ ಬಗಲಿನ ಗಂಟು ತೆಗೆದದ್ದರಿಂದ ಕೈಯೊಳಗಿನ ನೀರು, ಅಂದರೆ ಲಿಂಫ್, ಹರಿದು ಹೋಗುವ ದಾರಿಯೇ ಅರ್ಧ ಮುಚ್ಚಿದೆ. ಹೀಗೆ ನೀರು ನಿಂತು ಬರುವ ಬಾವನ್ನು ಡಾಕ್ಟರರು ಲಿಂಫೆಡಿಮಾ ಅನ್ನುತ್ತಾರೆ.

ಇದು ಗೊತ್ತಾಗುವ ಮೊದಲು ಬೇರೆ ಒಂದು ಕಡೆ ಹೋಗಿ ಮೋಸಹೋದೆವು. ಅಲ್ಲಿ ಚಪಾತಿ ಹಿಟ್ಟು ನಾದಿದ ಹಾಗೆ ನಾದಿದರು. ಮರುದಿನ ಕೈ ಇನ್ನೂ ಬಾತಿತ್ತು, ಬಾಯಿ ಮುಚ್ಚಿಕೊಂಡು ಮನೆಗೆ ಬಂದೆವು. ಆಮೇಲೆ ಆಪರೇಷನ್ ಮಾಡಿದ ಡಾಕ್ಟರರೇ ಟಿಳಕವಾಡಿಯ ಈ ಫಿಸಿಯೋಥೆರಪಿ ಮೇಡಂ ಕಡೆ ಕಳಿಸಿದರು. ಅವರು ಇದನ್ನೇ ಬೇರೆಯಾಗಿ ಕಲಿತು ಬಂದವರು. ನಾವು ಬೈಲಹೊಂಗಲದವರು, ದಿನಾ ಬಸ್ಸಿನಲ್ಲಿ ಓಡಾಡುವುದು ಆಗದ ಮಾತು, ಅದಕ್ಕೆ ವಡಗಾವಿಯ ಅಕ್ಕನ ಮನೆಯಲ್ಲಿ ಮೂರು ವಾರ ಠಿಕಾಣಿ ಹೂಡಿದೆವು.

ಮೊದಲ ದಿನ ಮಸಾಜೇ ಇಲ್ಲ. ಮುಂಗೈಯಿಂದ ರಟ್ಟೆಯವರೆಗೆ ನಾಲ್ಕು ನಾಲ್ಕು ಸೆಂಟಿಮೀಟರಿಗೆ ಪೆನ್ನಿನಿಂದ ಗುರುತು ಹಾಕಿ ಟೇಪಿನಿಂದ ಎರಡೂ ಕೈ ಅಳೆದರು. ಹೃದಯದ ತೊಂದರೆ ಇದೆಯಾ, ರಕ್ತ ಹೆಪ್ಪುಗಟ್ಟಿತ್ತಾ, ಜ್ವರ ಬರುತ್ತದಾ ಅಂತ ಕೇಳಿದ್ದೇ ಕೇಳಿದ್ದು. ಮರುದಿನ ಶುರು ಮಾಡಿದರು, ಅದೂ ಕೈಯಿಂದ ಅಲ್ಲ, ಕುತ್ತಿಗೆಯಿಂದ! ಕೊರಳ ಎಲುಬಿನ ಮೇಲಿನ ಗುಳಿಯಲ್ಲಿ ಬೆರಳಿಟ್ಟು ಚರ್ಮವನ್ನು ಸ್ವಲ್ಪ ಎಳೆಯುವುದು, ಬಿಡುವುದು. ಆಮೇಲೆ ಸರಿಯಿರುವ ಎಡಬಗಲು, ಎದೆ, ಬೆನ್ನು. ಬಾತ ಕೈಗೆ ಬರುವ ಹೊತ್ತಿಗೆ ಅರ್ಧ ಗಂಟೆ ಕಳೆದಿತ್ತು. ಯಾಕೆ ಹೀಗೆ ಅಂತ ಕೇಳಿದೆ. "ಮುಂದಿನ ಗಟಾರ ಖಾಲಿ ಆಗದಿದ್ರ ಹಿಂದಿನ ನೀರು ಎಲ್ಲಿಗೆ ಹೋಗಬೇಕ್ರೀ?" ಅಂದರು. ಈ ಲಿಂಫ್ ನಾಳಗಳು ಚರ್ಮದ ಕೆಳಗೇ ಇರುತ್ತವೆ, ತೀರಾ ನಾಜೂಕು. ಜೋರಾಗಿ ಒತ್ತಿದರೆ ಹರಿಯುವ ಬದಲು ಚಪ್ಪಟೆಯಾಗುತ್ತವೆ. ಮೊದಲ ಕಡೆ ಆದದ್ದು ಇದೇ ಇರಬೇಕು.

ಅವ್ವನಿಗೆ ಮಾತ್ರ ನಂಬಿಕೆ ಬರಲಿಲ್ಲ. "ಬೆಕ್ಕಿನ ಮೈ ಸವರಿದಂಗ ಮಾಡ್ತಾಳಲ್ಲವಾ, ಇದಕ್ಕ ಏಳನೂರು ರೂಪಾಯಿನ?" ಅಂತ ಮೆಟ್ಟಿಲು ಇಳಿಯುವಾಗ ಗೊಣಗಿದಳು. ಒಳಗೆ ಗೊರಕೆ ಹೊಡೆದದ್ದು ನೆನಪಿಲ್ಲ. ಈ ಪದ್ಧತಿಯನ್ನು 1930ರ ದಶಕದಲ್ಲಿ ಡೆನ್ಮಾರ್ಕಿನ ಎಮಿಲ್ ವೋಡರ್ ಮತ್ತು ಅವರ ಹೆಂಡತಿ ಎಸ್ಟ್ರಿಡ್ ಫ್ರಾನ್ಸಿನಲ್ಲಿದ್ದಾಗ ರೂಪಿಸಿದರು ಅಂತ ಮೇಡಂ ಹೇಳಿದರೆ, "ಅವರೂ ಹಿಂಗ ರೊಕ್ಕ ತಗೋತಿದ್ರೇನು" ಅಂತ ಕೇಳಿದ್ದಾಳೆ ನಮ್ಮವ್ವ. ಮೇಡಂ ನಕ್ಕು, "ಮಾವಶಿ, ಕೈ ಸುಮ್ನ ಬಿಡ್ರಿ" ಅಂದರು.

ನಿಜ ಹೇಳಬೇಕೆಂದರೆ ಬಾವು ಇಳಿಸಿದ್ದು ಬರೀ ಮಸಾಜ್ ಅಲ್ಲ, ಆಮೇಲೆ ಕಟ್ಟುವ ಪಟ್ಟಿ. ಬೆರಳು ಬೆರಳಿಗೂ ಸುತ್ತಿ, ಹತ್ತಿಯ ಪದರ ಇಟ್ಟು, ಅದರ ಮೇಲೆ ಹೆಚ್ಚು ಹಿಗ್ಗದ ಪಟ್ಟಿಗಳನ್ನು ಒಂದರ ಮೇಲೊಂದು ಕಟ್ಟಿ ಕಳಿಸುತ್ತಾರೆ, ಮರುದಿನದವರೆಗೆ ಬಿಚ್ಚುವಂತಿಲ್ಲ. ಪಟ್ಟಿ ಕಟ್ಟಿಕೊಂಡೇ ಕೈ ಮಡಚಿ ಬಿಚ್ಚುವ ವ್ಯಾಯಾಮ ಮಾಡಬೇಕು, ಆಗ ಸ್ನಾಯು ಪಂಪಿನ ಹಾಗೆ ನೀರನ್ನು ಮೇಲಕ್ಕೆ ತಳ್ಳುತ್ತದೆ. ನಾವು ಹೋದದ್ದು ಜುಲೈ ತಿಂಗಳು. ಬೆಳಗಾವಿ ಮಳೆ ನಿಮಗೇ ಗೊತ್ತು, ತೊಳೆದ ಪಟ್ಟಿ ಎರಡು ದಿನವಾದರೂ ಒಣಗದೆ ಅಕ್ಕನ ಮನೆಯ ಫ್ಯಾನಿನ ಕೆಳಗೆ ತೋರಣ ಕಟ್ಟಿದಂತೆ ನೇತಾಡುತ್ತಿದ್ದವು. ಮೊದಲೇ ಎರಡು ಜೊತೆ ತಗೊಳ್ಳಿ. ಇದನ್ನು ಅವರೇ ಹೇಳಬೇಕಿತ್ತು, ಹೇಳಲಿಲ್ಲ.

ಎರಡನೇ ವಾರ ಒಂದು ಬೆಳಿಗ್ಗೆ ಅವ್ವನ ಮೊಣಕೈ ಹತ್ತಿರ ಕೆಂಪಾಗಿ ಬಿಸಿ ಇತ್ತು, ಸಣ್ಣಗೆ ಜ್ವರ. ಹಂಚು ತಾಗಿ ಸುಟ್ಟಿದ್ದನ್ನು ಮುಚ್ಚಿಟ್ಟಿದ್ದಳು. ಮೇಡಂ ಪಟ್ಟಿ ಬಿಚ್ಚಿ ನೋಡಿದವರೇ ಮಸಾಜ್ ಮಾಡುವುದಿಲ್ಲ ಅಂದರು. ಸೋಂಕು ಇರುವಾಗ ಮಾಡಬಾರದು, ಈಗಲೇ ಡಾಕ್ಟರ ಹತ್ತಿರ ಹೋಗಿ ಅಂತ ಕಳಿಸಿದರು, ದುಡ್ಡೂ ತಗೊಳ್ಳಲಿಲ್ಲ. ಆಂಟಿಬಯಾಟಿಕ್ ಮುಗಿದು ಕೆಂಪು ಇಳಿದ ಮೇಲೆಯೇ ಮತ್ತೆ ಮುಟ್ಟಿದ್ದು. ನನಗೆ ಅವರ ಮೇಲೆ ಪೂರ್ತಿ ನಂಬಿಕೆ ಬಂದದ್ದು ಅವತ್ತು.

ಮುಗಿಯುವ ಹೊತ್ತಿಗೆ ಮೊಣಕೈ ಕೆಳಗಿನ ಅಳತೆ 31ರಿಂದ 28.5 ಸೆಂಟಿಮೀಟರಿಗೆ ಇಳಿದಿತ್ತು. ಪೂರ್ತಿ ವಾಸಿ ಆಗುವುದಲ್ಲ ಇದು. ಹಗಲು ಬಿಗಿಯಾದ ಸ್ಲೀವ್ ಹಾಕಲೇಬೇಕು, ಅದೂ ಆರು ತಿಂಗಳಿಗೆ ಸಡಿಲಾಗುತ್ತದೆ, ಹೊಸದು ಕೊಳ್ಳಬೇಕು.

ಇನ್ನು ನನ್ನ ಕಥೆ. ದೊಡ್ಡವಳಾದಾಗಿನಿಂದ ಸೊಂಟದ ಕೆಳಗೆ ದಪ್ಪ, ಮೇಲೆ ಸಣ್ಣ. ಮುಟ್ಟಿದರೆ ನೋವು, ಎಲ್ಲೋ ತಾಗಿದರೆ ನೀಲಿ ಕಲೆ. ಕಾಲುಂಗುರ ಸರಿಯಾಗಿ ಕೂರುತ್ತದೆ, ಕಾಲುಚೈನು ಮಾತ್ರ ಕೂರುವುದಿಲ್ಲ. ಅವ್ವನ ಜೊತೆ ಸುಮ್ನೆ ಕೂತಿದ್ದವಳನ್ನು ನೋಡಿ ಮೇಡಂ ಅವರೇ ಕೇಳಿದರು, ಎರಡನೇ ಕಾಲ್ಬೆರಳ ಬುಡದ ಚರ್ಮ ಚಿವುಟಿ ನೋಡಿದರು. ಚಿವುಟಲು ಬಂತು. ಲಿಂಫೆಡಿಮಾ ಇದ್ದರೆ ಸಾಮಾನ್ಯವಾಗಿ ಅಲ್ಲಿ ಚರ್ಮ ದಪ್ಪಗಾಗಿ ಚಿವುಟಲು ಬರುವುದಿಲ್ಲವಂತೆ. ಎರಡೂ ಕಾಲು ಒಂದೇ ಸಮ, ಪಾದಕ್ಕೆ ಏನೂ ಇಲ್ಲ, ಇದು ಲಿಪೆಡಿಮಾ, ಅಂದರೆ ಕಾಲಲ್ಲಿ ಕೊಬ್ಬು ಸೇರುವ ಕಾಯಿಲೆ ಇರಬಹುದು, ಡಾಕ್ಟರರಿಗೆ ತೋರಿಸಿ ಅಂದರು. ತೋರಿಸಿದೆ, ಅದೇ ಆಗಿತ್ತು. 1940ರಲ್ಲೇ ಅಮೆರಿಕದ ಮೇಯೋ ಕ್ಲಿನಿಕ್ಕಿನ ಡಾಕ್ಟರರು ಇದಕ್ಕೆ ಹೆಸರಿಟ್ಟು ಬರೆದಿದ್ದಾರೆ. ನನಗೆ ಇಷ್ಟು ವರ್ಷ ಸಿಕ್ಕ ಔಷಧಿ ಒಂದೇ, ಅನ್ನ ಕಡಿಮೆ ಮಾಡವಾ.

ಮಸಾಜಿನಿಂದ ಈ ಕೊಬ್ಬು ಕರಗುವುದಿಲ್ಲ, ಅಳತೆ ಜಾಸ್ತಿ ಇಳಿಯುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ, ಆರು ಸಲ ಮಾಡಿಸಿ ನೋವು ಕಡಿಮೆ ಆದರೆ ಮಾತ್ರ ಮುಂದುವರಿಸೋಣ ಅಂತ ನೇರವಾಗಿ ಹೇಳಿದರು. ಮಾಡಿಸಿದೆ. ಪ್ರತಿ ಸಲ ಎರಡು ದಿನ ಕಾಲು ಹಗುರ, ಮೂರನೇ ದಿನಕ್ಕೆ ಮತ್ತೆ ಭಾರ. ಈಗ ಬಿಗಿ ಕಾಲುಚೀಲ ಹಾಕುತ್ತೇನೆ, ನಡೆಯುತ್ತೇನೆ, ಮಸಾಜ್ ತಿಂಗಳಿಗೊಮ್ಮೆ ಸಾಕು ಅನಿಸಿದೆ. ಏಪ್ರಿಲ್‌ನಲ್ಲಿ ಆ ಕಾಲುಚೀಲ ಹೇಗೆ ಹಾಕುತ್ತೇನೋ ದೇವರೇ ಬಲ್ಲ.

ಕ್ಯಾನ್ಸರ್ ಆದ ಮೇಲೆ ಕೈ ಬಾತವರು ತಡ ಮಾಡದೆ ಹೋಗಿ, ನಾವು ಒಂದು ವರ್ಷ ಹಾಳು ಮಾಡಿದೆವು. ನನ್ನಂಥ ಕಾಲಿನವರು ಸಣ್ಣಗಾಗುವ ಆಸೆಗೆ ಹೋಗಬೇಡಿ. ಬೆಳಿಗ್ಗೆ ಹತ್ತಕ್ಕೆ ಬರಲು ಹೇಳಿದರೆ ಹನ್ನೊಂದಕ್ಕೆ ಒಳಗೆ ಕರೆಯುತ್ತಾರೆ, ರೈಲ್ವೆಯ ಸೆಕೆಂಡ್ ಗೇಟ್ ಬಿದ್ದಿತ್ತು ಅಂತ ನೀವು ತಡ ಮಾಡಿದರೆ ಮಾತ್ರ ಮುಖ ಸಪ್ಪಗೆ ಮಾಡುತ್ತಾರೆ. ಮತ್ತೊಂದು, ಕಾಲು ಬಾತವರಿಗೆ ಚಿಕಿತ್ಸೆ ಕೊಡುವ ಈ ಜಾಗ ಎರಡನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಕೇಳಿದ್ದಕ್ಕೆ ಕೆಳಗೆ ಬಾಡಿಗೆ ಮನೆ ಹುಡುಕುತ್ತಿದ್ದೇನೆ ಅಂದರು. ಜುಲೈನಲ್ಲೂ ಅದನ್ನೇ ಅಂದಿದ್ದರು.