ಎರಡು ತುಂಡಿನ ಸ್ಟೋಮಾ ಬ್ಯಾಗ್: ಸೀರೆ ಉಡುವವಳ ಅನುಭವ

ಬಳ್ಳಾರಿಯ ಮೆಡಿಕಲ್ ಶಾಪ್‌ನಲ್ಲಿ ಸ್ಟೋಮಾ ಬ್ಯಾಗ್ (ಹೊಟ್ಟೆಯ ಮೇಲೆ ಅಂಟಿಸಿಕೊಳ್ಳುವ, ಮಲ ತುಂಬುವ ಚೀಲ) ಕೇಳಿದರೆ ಮೊದಲು ಬರುವ ಪ್ರಶ್ನೆ, "ಯಾರಿಗ್ರೀ ಮೇಡಂ, ಅಜ್ಜಾರಿಗಾ?" ನನಗೇ ರೀ ಅಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ನನಗೀಗ 36 ವರ್ಷ, ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ದೊಡ್ಡ ಕರುಳಿನ ಕೆಳಭಾಗದಲ್ಲಿದ್ದ ಕ್ಯಾನ್ಸರ್ ಗಡ್ಡೆ ತೆಗೆದು ಕರುಳು ಜೋಡಿಸಿದ್ದಾರೆ. ಆ ಜಾಗ ಮಾಯಲಿ ಅಂತ ಸಣ್ಣ ಕರುಳನ್ನು ಹೊಟ್ಟೆಯ ಬಲಗಡೆ ಹೊರಗೆ ತಂದಿದ್ದಾರೆ. ಇದು ಇಲಿಯೋಸ್ಟಮಿ. ಕೀಮೋ ಮುಗಿದ ಮೇಲೆ ಮತ್ತೆ ಒಳಗೆ ಸೇರಿಸುತ್ತಾರಂತೆ. ಅಲ್ಲಿಯವರೆಗೆ ಎಲ್ಲವೂ ಬ್ಯಾಗಿಗೇ.

ಹೊರಗೆ ಕಾಣುವ ಕರುಳು ತುಟಿಯ ಒಳಭಾಗದ ಹಾಗೆ ಕೆಂಪಗೆ, ಒದ್ದೆಯಾಗಿ ಇರುತ್ತದೆ. ಮುಟ್ಟಿದರೆ ನೋವಿಲ್ಲ. ತೊಂದರೆಯೆಲ್ಲ ಸುತ್ತಲಿನ ಚರ್ಮಕ್ಕೆ. ಸಣ್ಣ ಕರುಳಿನಿಂದ ಬರುವುದು ನೀರುನೀರು, ಜೊತೆಗೆ ಜೀರ್ಣರಸ. ಸೋರಿದರೆ ಭಯಂಕರ ಉರಿ. ಹಾಗಾಗಿ ಬ್ಯಾಗ್ ಹೇಗಿದೆ ಅನ್ನುವುದಕ್ಕಿಂತ ಅಂಟು ಹೇಗಿದೆ ಅನ್ನುವುದೇ ಮುಖ್ಯ.

ಎರಡು ತುಂಡಿನದರಲ್ಲಿ ಚರ್ಮಕ್ಕೆ ಅಂಟುವ ಪ್ಲೇಟ್ ಬೇರೆ, ಬ್ಯಾಗ್ ಬೇರೆ. ಡಬ್ಬಿಯ ಮುಚ್ಚಳದಂತೆ ಟಕ್ ಅಂತ ಕೂರುತ್ತದೆ. ಬ್ಯಾಗ್ ಬದಲಿಸಲು ಪ್ರತಿಸಲ ಚರ್ಮದಿಂದ ಪ್ಲೇಟ್ ಕೀಳಬೇಕಿಲ್ಲ, ನನಗೆ ಇದೇ ಹಿಡಿಸಿದ್ದು. ಪ್ಲೇಟಿನ ತೂತನ್ನು ಕರುಳಿಗಿಂತ ಎರಡು-ಮೂರು ಮಿಲಿಮೀಟರ್ ಮಾತ್ರ ದೊಡ್ಡದಾಗಿ ಕತ್ತರಿಸಬೇಕು. ಅಂಟಿಸಿದ ಮೇಲೆ ಅಂಗೈ ಒತ್ತಿ ಸ್ವಲ್ಪ ಹೊತ್ತು ಹಿಡಿದರೆ ಬಿಸಿಗೆ ಚೆನ್ನಾಗಿ ಕೂರುತ್ತದೆ. ಬೆಳಗ್ಗೆ ಕಾಫಿಗೂ ಮುಂಚೆ ಬದಲಿಸಿ, ಆಗ ಕರುಳು ಸುಮ್ನಿರುತ್ತದೆ. ಆ ಜಾಗಕ್ಕೆ ಎಣ್ಣೆ ಮಾತ್ರ ಬೇಡ. ಚರ್ಮ ಕೆಂಪಾಯಿತು ಅಂತ ನಮ್ಮತ್ತೆ ಕೊಬ್ಬರಿ ಎಣ್ಣೆ ತಂದಿದ್ದರು, ಪಾಪ. ಎಣ್ಣೆ ಇದ್ದಲ್ಲಿ ಅಂಟು ನಿಲ್ಲುವುದಿಲ್ಲ.

ಡಬ್ಬದ ಮೇಲೆ ಪ್ಲೇಟ್ ಐದು ದಿನ ಬರುತ್ತದೆ ಅಂತ ಇದೆ. ಬಳ್ಳಾರಿ ಬಿಸಿಲಿಗೆ ಅದು ಸುಳ್ಳು. ಏಪ್ರಿಲ್‌ನಲ್ಲಿ ಬೆವರಿಗೆ ಮೂರನೇ ದಿನಕ್ಕೇ ಅಂಚು ಏಳುತ್ತದೆ. ಗಾಳಿ ಹೋಗಲು ಇಟ್ಟಿರುವ ಫಿಲ್ಟರ್ ಒದ್ದೆಯಾದರೆ ಮುಗೀತು, ಬ್ಯಾಗ್ ಉಬ್ಬುತ್ತದೆ. ಕ್ಲಾಸಿನ ಮಧ್ಯೆ ಹಾಗಾದರೆ ಎಷ್ಟು ಕಿರಿಕಿರಿ ಗೊತ್ತಾ? ಮೂರನೇ ಒಂದು ಭಾಗ ತುಂಬಿದಾಗಲೇ ಖಾಲಿ ಮಾಡುವುದು ಒಳ್ಳೆಯದು.

ಇನ್ನು ಸೀರೆ. ಆಪರೇಷನ್ನಿಗೆ ಮುಂಚೆ ನರ್ಸ್ ನನ್ನನ್ನು ಕೂರಿಸಿ, ನಿಲ್ಲಿಸಿ, ಲಂಗದ ಲಾಡಿ ಎಲ್ಲಿ ಕಟ್ಟುತ್ತೀರಿ ಅಂತ ಕೇಳಿ ಪೆನ್ನಿನಲ್ಲಿ ಗುರುತು ಹಾಕಿದ್ದರು. ಆ ತಾಯಿಗೆ ದೊಡ್ಡ ನಮಸ್ಕಾರ. ಲಾಡಿ ಮೇಲೆ, ಬ್ಯಾಗ್ ಕೆಳಗೆ. ನೆರಿಗೆಯ ಮರೆಯಲ್ಲಿ ಏನೂ ಕಾಣುವುದಿಲ್ಲ. ಚೂಡಿದಾರಕ್ಕಿಂತ ಸೀರೆಯೇ ಮೇಲು. ಬಟ್ಟೆ ಹೊದಿಕೆಯ ಬ್ಯಾಗ್ ಇದ್ದರೆ ಅದನ್ನೇ ತಗೊಳ್ಳಿ, ಬರೀ ಪ್ಲಾಸ್ಟಿಕ್ ಚರಚರ ಸದ್ದು ಮಾಡುತ್ತದೆ.

ಊಟದ್ದೂ ಹೇಳಿಬಿಡುತ್ತೇನೆ. ಅನ್ನ, ಬಾಳೆಹಣ್ಣು ತಿಂದರೆ ಗಟ್ಟಿಯಾಗುತ್ತದೆ. ಶೇಂಗಾ, ಹಸಿ ಕೊಬ್ಬರಿ, ಮೆಕ್ಕೆಜೋಳ ಸಿಕ್ಕಿಕೊಳ್ಳಬಹುದು ಅಂತ ಡಾಕ್ಟರ್ ದೂರ ಇಡಿಸಿದ್ದಾರೆ. ಶೇಂಗಾ ಚಟ್ನಿಪುಡಿ ಇಲ್ಲದ ರೊಟ್ಟಿ ಅಂದರೆ ಕೀಮೋಗಿಂತ ಕಷ್ಟ!

ಇಷ್ಟೆಲ್ಲ ಬಿಚ್ಚಿ ಬರೆಯುವುದಕ್ಕೆ ಕಾರಣ ಇದೆ. ಮಲದಲ್ಲಿ ರಕ್ತ ಹೋಗುತ್ತಿದೆ ಅಂತ ಹೋದಾಗ ಒಂದು ಕ್ಲಿನಿಕ್ಕಿನಲ್ಲಿ ಪರೀಕ್ಷೆಯನ್ನೂ ಮಾಡದೆ ಪೈಲ್ಸ್ ಅಂದರು, ಮುಲಾಮು ಕೊಟ್ಟರು. ಈ ವಯಸ್ಸಿಗೆ ಇನ್ನೇನಿರುತ್ತೆ ಅಂದರು. ಆಮೇಲೆ ಹಿಮೋಗ್ಲೋಬಿನ್ ಇಳಿಯಿತು, ಐರನ್ ಮಾತ್ರೆ ಬಂತು. ರಕ್ತ ಎಲ್ಲಿಗೆ ಹೋಗುತ್ತಿದೆ ಅಂತ ಕೇಳಿದ್ದು ಬೇರೆ ಊರಿನ ಡಾಕ್ಟರ್. ಅಮೆರಿಕದಲ್ಲಿ ಯಾವ ತೊಂದರೆಯೂ ಇಲ್ಲದವರು ದೊಡ್ಡ ಕರುಳಿನ ಕ್ಯಾನ್ಸರ್ ತಪಾಸಣೆ ಶುರುಮಾಡುವ ವಯಸ್ಸನ್ನು 2021ರಲ್ಲಿ 50ರಿಂದ 45ಕ್ಕೆ ಇಳಿಸಿದರು. ನಾನು ಅದಕ್ಕೂ ಚಿಕ್ಕವಳು. ನಮ್ಮ ವಯಸ್ಸಿನವರನ್ನು ಯಾರೂ ಕರೆದು ತಪಾಸಣೆ ಮಾಡುವುದಿಲ್ಲ. ಮಲದಲ್ಲಿ ರಕ್ತ, ಮಲ ಹೋಗುವ ರೀತಿ ಬದಲಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ ಇದ್ದರೆ ಕೊಲೊನೋಸ್ಕೋಪಿ (ದೊಡ್ಡ ಕರುಳಿನೊಳಗೆ ಕ್ಯಾಮೆರಾ ಹಾಕಿ ನೋಡುವ ಪರೀಕ್ಷೆ) ಬೇಕಾ ಅಂತ ನಾವೇ ಬಾಯಿಬಿಟ್ಟು ಕೇಳಬೇಕು.

ಒಡಹುಟ್ಟಿದವರಿಗೂ ಹೇಳಿ. ಮನೆಯಲ್ಲಿ ಒಬ್ಬರಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲೇ ಉಳಿದವರು ನೋಡಿಸಿಕೊಳ್ಳಬೇಕು. ನನ್ನ ತಮ್ಮ 31ಕ್ಕೆ ಗೊಣಗುತ್ತಾ ಹೋದ. ಒಂದು ಪಾಲಿಪ್ (ಕರುಳಿನೊಳಗೆ ಬೆಳೆಯುವ ಸಣ್ಣ ಗಂಟು, ಮುಂದೆ ಕ್ಯಾನ್ಸರ್ ಆಗಬಹುದು) ಸಿಕ್ಕಿತು, ಅಲ್ಲೇ ತೆಗೆದರು.

ಬೆಲೆ ಜಾಸ್ತಿಯೇ. ಪ್ಲೇಟ್, ಬ್ಯಾಗ್ ಸೇರಿ ಒಂದು ಸೆಟ್ಟಿಗೆ ನನಗೆ ಆರುನೂರರ ಆಸುಪಾಸು ಬೀಳುತ್ತದೆ, ವಿಮೆಯಿಂದ ಒಂದು ಪೈಸೆ ಬರಲಿಲ್ಲ. ಆದರೂ ಇದನ್ನೇ ತಗೊಳ್ಳಿ ಅಂತೀನಿ. ಶುರುವಿನಲ್ಲಿ ಪೂರ್ತಿ ಡಬ್ಬ ಬೇಡ. ಆರೆಂಟು ವಾರದಲ್ಲಿ ಕರುಳಿನ ಊತ ಇಳಿದು ಅಳತೆ ಬದಲಾಗುತ್ತದೆ. ಬಿಡಿ ಪೀಸ್ ಕೇಳಿ, ಕೊಡುತ್ತಾರೆ. ಬಿಸಿಲಿಗೆ ನಿಂತ ಕಾರಿನಲ್ಲಿ ಮಾತ್ರ ಇಡಬೇಡಿ, ಅಂಟು ಕರಗುತ್ತದೆ.