ಸರ್ಕಾರಿ ಕಾಡಿಗೆ ಯಾವುದು ಹಿತ: ಏಕಜಾತಿ ನೆಡುತೋಪೋ, ಮಿಶ್ರ ಕಾಡೋ?

ಚಿಂಚೋಳಿಯ ಅಥವಾ ಬೀದರಿನ ಜಂಬಿಟ್ಟಿಗೆ ಗುಡ್ಡಗಳಲ್ಲಿ ಸೊರಗಿರುವ ಸರ್ಕಾರಿ ಅರಣ್ಯವನ್ನು ಮುಂದಿನ 50 ವರ್ಷಗಳ ದೃಷ್ಟಿಯಿಂದ ನೋಡಬೇಕಾದ ಗ್ರಾಮ ಅರಣ್ಯ ಸಮಿತಿಯ ಮುಂದೆ ಎರಡು ದಾರಿಗಳಿವೆ: ಒಂದೇ ಜಾತಿಯ ನೆಡುತೋಪು, ಇಲ್ಲವೇ ಇರುವ ಬೇರು, ಬೊಡ್ಡೆಗಳನ್ನೇ ಕಾಪಾಡಿ ಬೆಳೆಸುವ ಮಿಶ್ರ ಕಾಡು.

ನೆಡುತೋಪಿನ ಲೆಕ್ಕ ಸುಲಭ. ಕಟಾವಿನ ವರ್ಷವೂ ಆದಾಯವೂ ಮೊದಲೇ ಅಂದಾಜಿಗೆ ಸಿಗುತ್ತವೆ. ಆದರೆ ಎಲ್ಲ ಮರಗಳನ್ನೂ ಒಮ್ಮೆಲೇ ಕಡಿದಾಗ ನೆಲ ಬಯಲಾಗಿ, ಜೋರು ಮಳೆಗೆ ಮೇಲ್ಮಣ್ಣು ಹಳ್ಳ ಸೇರುತ್ತದೆ. ಹಿಮಾಲಯದ ಚೀರ್ ಪೈನ್ ಕಾಡುಗಳಲ್ಲಿ ಒಣಗಿದ ಸೂಜಿಯೆಲೆಗಳ ಹಾಸು ಬೇಸಿಗೆಯ ಬೆಂಕಿಯನ್ನು ಹಬ್ಬಿಸುವುದು ಒಂದೇ ಜಾತಿಯನ್ನು ನೆಚ್ಚುವುದರ ಇನ್ನೊಂದು ಅಪಾಯವನ್ನು ತೋರಿಸುತ್ತದೆ.

ಮಿಶ್ರ ಕಾಡಿನಲ್ಲಿ ನಾಟಾದ ಆದಾಯ ತಡವಾಗಿ ಬರುತ್ತದೆ, ಕಾವಲಿನ ಶ್ರಮವೂ ಹೆಚ್ಚು. ಆದರೂ ಕಡಿದ ಮುತ್ತುಗದ ಬೊಡ್ಡೆಯನ್ನು ಬಾಗಿ ನೋಡಿದರೆ ಸುತ್ತಲೂ ಹಲವು ಚಿಗುರುಗಳು ಎದ್ದಿರುತ್ತವೆ. ಗಟ್ಟಿಯಾದ ಒಂದೆರಡನ್ನು ಉಳಿಸಿ, ಮಿಕ್ಕವನ್ನು ಸವರಿ, ಕೆಲವು ವರ್ಷ ದನ, ಆಡುಗಳಿಂದ ಕಾಯ್ದರೆ, ಹಳೆಯ ಬೇರಿನ ಬಲದಿಂದ ಅವು ನೆಟ್ಟ ಸಸಿಗಿಂತ ಬೇಗ ಏಳುತ್ತವೆ. ಪತ್ರಾವಳಿಗೆ ಎಲೆಯೂ ವರ್ಷ ವರ್ಷ ಸಿಗುತ್ತದೆ.

ಬೇರು ಜೀವಂತವಾಗಿರುವ ಕಡೆ ಮಿಶ್ರ ಕಾಡನ್ನೇ ಆರಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಬೇರೇ ಉಳಿಯದ ಬಯಲಿನಲ್ಲಿ ಮಾತ್ರ ಸಸಿ ನೆಡಬೇಕು, ಅದೂ ಬೇವು, ಹೊಂಗೆ, ಕಮರಗಳನ್ನು ಬೆರೆಸಿ.