ಟೇಪ್ ಕೆಡಲ್ಲ ಅಂದರು, ನಂಬಿದೆವು: ಕಾರ್ಬನ್ ನೈಲಾನ್ ಟೇಪ್ ಒತ್ತುವವರಿಗೆ ಒಂದು ಎಚ್ಚರಿಕೆ

ಮೊದಲೇ ವಿಷಯ ಹೇಳಿಬಿಡುತ್ತೇನೆ. ಕಾರ್ಬನ್ ನಾರಿನ ನೈಲಾನ್ ಟೇಪ್ ತಂದು, ಪದರದ ಮೇಲೆ ಪದರ ಇಟ್ಟು, ಬಿಸಿ ಪ್ರೆಸ್‌ನಲ್ಲಿ ಒತ್ತಿ ಪ್ಲೇಟ್ ಮಾಡುವವರು ಯಾರಾದರೂ ಇದ್ದರೆ, ಆ ಟೇಪನ್ನು ಒಣಗಿಸದೆ ಪ್ರೆಸ್‌ಗೆ ಹಾಕಬೇಡಿ. ಬಿಸಿ ಇಳಿಯುವ ಮುಂಚೆ ಪ್ರೆಸ್ ಬಿಚ್ಚಬೇಡಿ. ಈ ಎರಡೂ ತಪ್ಪನ್ನು ನಾವು ಮಾಡಿದೆವು. ಅದರಿಂದ ಔಷಧಿ ತುಂಬಿದ್ದ ಒಂದು ಡ್ರೋನ್, ಹತ್ತಿರ ಹತ್ತಿರ 25 ಕೆಜಿ ತೂಕದ್ದು, ಗಂಗಾವತಿ ಕಡೆಯ ಭತ್ತದ ಗದ್ದೆಗೆ ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಆಗಬಹುದಿತ್ತು.

ಪೀಣ್ಯದಲ್ಲಿ ನಮ್ಮದೊಂದು ಚಿಕ್ಕ ಶೆಡ್. ನಾಲ್ಕು ಜನ ಇದ್ದೇವೆ. ಹನ್ನೊಂದು ವರ್ಷದಿಂದ ಫೈಬರ್ ಕೆಲಸವೇ ನಮ್ಮ ಅನ್ನ. ಅಷ್ಟೂ ವರ್ಷ ಮಾಡಿದ್ದು ಎಪಾಕ್ಸಿ ಕೆಲಸ. ರೆಸಿನ್‌ಗೆ ಹಾರ್ಡ್‌ನರ್ ಕಲಸುವುದು, ಕಾರ್ಬನ್ ಬಟ್ಟೆಗೆ ಹಚ್ಚುವುದು, ವ್ಯಾಕ್ಯೂಮ್ ಬ್ಯಾಗ್ ಹಾಕಿ ಓವನ್‌ಗೆ ಇಡುವುದು. ಬೆಂಗಳೂರಿನಲ್ಲಿ ಕಾಂಪೊಸಿಟ್ ಕೆಲಸ, ಅಂದರೆ ನಾರನ್ನೂ ಪ್ಲಾಸ್ಟಿಕ್ಕನ್ನೂ ಸೇರಿಸಿ ಗಟ್ಟಿ ವಸ್ತು ಮಾಡುವ ಕೆಲಸ, ಕಲಿತವರಲ್ಲಿ ಬಹಳ ಜನರಿಗೆ ಇದೇ ಅಭ್ಯಾಸ. ತೇಜಸ್ ವಿಮಾನದ ಒಡಲಿನ ತೂಕದಲ್ಲಿ ಶೇಕಡಾ 45ರಷ್ಟು ಕಾರ್ಬನ್ ಕಾಂಪೊಸಿಟ್ ಇದೆ. ಆ ಕೆಲಸ ನೋಡುತ್ತಾ ಬೆಳೆದ ಊರು ಇದು. ರೆಸಿನ್ ಮೊದಲೇ ಹಚ್ಚಿಟ್ಟ ಎಪಾಕ್ಸಿ ಹಾಳೆಗೆ ಪ್ರಿಪ್ರೆಗ್ ಅಂತೀವಲ್ಲ, ಅದನ್ನು ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ ಇಡಬೇಕು. ತಾರೀಕು ಮುಗಿದರೆ ಎಸೆಯಬೇಕು. ಫ್ರೀಜರ್‌ನ ಕರೆಂಟ್ ಬಿಲ್, ತಾರೀಕಿನ ಚಿಂತೆ, ನಮಗೆ ಇದೆರಡೇ ದೊಡ್ಡ ತಲೆನೋವು.

ಕಾಯಿಸಿದರೆ ಕರಗಿ ತಣ್ಣಗಾದರೆ ಗಟ್ಟಿಯಾಗುವ ಪ್ಲಾಸ್ಟಿಕ್‌ನ ಟೇಪ್‌ಗೆ, ಅಂದರೆ ಥರ್ಮೊಪ್ಲಾಸ್ಟಿಕ್ ಟೇಪ್‌ಗೆ, ಇದು ಯಾವುದೂ ಇಲ್ಲ. ಕೂದಲಿಗಿಂತ ಎಷ್ಟೋ ಸಣ್ಣ ಕಾರ್ಬನ್ ನಾರು, ಒಂದೊಂದೂ 7 ಮೈಕ್ರಾನ್. ಎಲ್ಲವೂ ಒಂದೇ ದಿಕ್ಕಿಗೆ ಮಲಗಿರುತ್ತವೆ. ಅವುಗಳ ನಡುವೆ ಕರಗಿ ಗಟ್ಟಿಯಾದ ಪ್ಲಾಸ್ಟಿಕ್. ನಾವು ತಂದ ಟೇಪ್ 0.16 ಮಿಮೀ ದಪ್ಪ, ಒಳಗಿನ ಪ್ಲಾಸ್ಟಿಕ್ ನೈಲಾನ್ 6. ಉದ್ದಕ್ಕೆ ಎಳೆದರೆ ಏನು ಮಾಡಿದರೂ ಹರಿಯಲ್ಲ. ಅಡ್ಡಕ್ಕೆ ಬಗ್ಗಿಸಿದರೆ ಅಡಿಕೆ ದಬ್ಬೆ ಸೀಳಿದ ಹಾಗೆ ಸೀಳಿಹೋಗುತ್ತೆ. ಅದಕ್ಕೇ ಒಂದು ಪದರ ಉದ್ದ, ಒಂದು ಅಡ್ಡ, ಒಂದು ಓರೆ, ಹೀಗೆ ಜೋಡಿಸಬೇಕು. ನೈಲಾನ್ 6 ಕರಗುವುದು 220 ಡಿಗ್ರಿಯಲ್ಲಿ. 250ಕ್ಕೆ ಕಾಯಿಸಿ ಒತ್ತಿದರೆ ಪದರಗಳು ಒಂದಕ್ಕೊಂದು ಬೆಸೆದುಕೊಂಡು ಒಂದೇ ಹಲಗೆ ಆಗುತ್ತವೆ. ಎಪಾಕ್ಸಿ ಗಟ್ಟಿಯಾಗಲು ಗಂಟೆಗಟ್ಟಲೆ ಕಾಯಬೇಕು. ಇಲ್ಲಿ ನಿಮಿಷಗಳ ಲೆಕ್ಕ. ಚೂರು ಉಳಿದರೆ ಮತ್ತೆ ಕರಗಿಸಬಹುದು. ಈಗಲೂ ಹೇಳುತ್ತೇನೆ, ವಸ್ತು ಬಹಳ ಒಳ್ಳೆಯದು. ನಾನು ದೂರುತ್ತಿರುವುದು ಅದನ್ನಲ್ಲ.

ಮಾರಿದವರನ್ನು ಕೇಳಿದ್ದೆ, ಇಡುವುದು ಹೇಗೆ ಅಂತ. "ಸಾರ್, ಇದು ಕೆಡೋ ಮಾಲೇ ಅಲ್ಲ. ರ್‍ಯಾಕ್ ಮೇಲೆ ಇಡಿ, ಯಾವಾಗ ಬೇಕೋ ಆಗ ಕಟ್ ಮಾಡಿ ಪ್ರೆಸ್‌ಗೆ ಹಾಕಿ" ಅಂದರು. ಒಣಗಿಸಬೇಕಾ ಅಂತಲೂ ಕೇಳಿದ್ದೆ. ಏನೂ ಬೇಡ ಅಂದರು. ಮೊದಲ ಮಾತು ನಿಜ, ಎಪಾಕ್ಸಿ ಹಾಗೆ ಇದು ತಾನಾಗಿ ಗಟ್ಟಿಯಾಗಿ ಹಾಳಾಗಲ್ಲ. ಎರಡನೆಯ ಮಾತು ಸುಳ್ಳು.

ನಮಗೆ ಈ ಕೆಲಸ ಕೊಟ್ಟ ಡ್ರೋನ್ ಮಾಡುವವರಿಗೆ ಬೇಕಿದ್ದದ್ದು ತೋಳಿನ ಬುಡವನ್ನು ಹಿಡಿದುಕೊಳ್ಳುವ ಪ್ಲೇಟ್. ಒಂದು ಡ್ರೋನ್‌ಗೆ ಆರು ತೋಳು, ತೋಳಿಗೆ ಮೇಲೊಂದು ಕೆಳಗೊಂದು, ಒಟ್ಟು 12 ಪ್ಲೇಟ್. ಏಪ್ರಿಲ್‌ನಲ್ಲಿ ಸ್ಯಾಂಪಲ್ ಮಾಡಿದೆವು. ಅವತ್ತೇ ಪ್ಯಾಕ್ ಒಡೆದ ರೋಲ್, ಒಣ ಹವೆ. 16 ಪದರ ಜೋಡಿಸಿ, 300 ಮಿಮೀ ಚೌಕದ ಅಚ್ಚಿನಲ್ಲಿ, 20 ಟನ್ ಪ್ರೆಸ್‌ನಲ್ಲಿ ಒತ್ತಿದೆವು. ಅವಸರ ಇರಲಿಲ್ಲ. ಹೀಟರ್ ಆಫ್ ಮಾಡಿ, ಒತ್ತಡ ಹಾಗೇ ಬಿಟ್ಟು ಮನೆಗೆ ಹೋದೆವು. ಬೆಳಗ್ಗೆ ಬಂದು ಬಿಚ್ಚಿದರೆ ಹಲಗೆ ಕನ್ನಡಿ ಥರ ಇತ್ತು. ದಪ್ಪ 2.56 ಮಿಮೀ, ಲೆಕ್ಕ ಹಾಕಿದಷ್ಟೇ. ಡ್ರೋನ್‌ನವರು ಬಗ್ಗಿಸಿ, ಎಳೆದು, ಭಾರ ಹಾಕಿ ಎಲ್ಲಾ ಪರೀಕ್ಷೆ ಮಾಡಿದರು. ಪಾಸ್. ಐದು ಡ್ರೋನ್‌ಗೆ 60 ಪ್ಲೇಟ್ ಆರ್ಡರ್ ಕೊಟ್ಟರು.

ಆ ಕೆಲಸ ಕೈಗೆ ಬಂದಾಗ ಜುಲೈ. ರೋಲ್ ಮೂರು ತಿಂಗಳಿಂದ ರ್‍ಯಾಕ್ ಮೇಲೆ ತೆರೆದೇ ಇತ್ತು. ಜಿಟಿಜಿಟಿ ಮಳೆ. ಶೆಡ್‌ನ ಗೋಡೆಯೇ ತೇವ. ಮೇಲಾಗಿ ಅವಸರ. ಒಂದು ಹಲಗೆಗೆ ಇಡೀ ರಾತ್ರಿ ಕೊಡುವ ಹಾಗಿರಲಿಲ್ಲ. ಅಚ್ಚು 180 ಡಿಗ್ರಿಗೆ ಇಳಿದ ತಕ್ಷಣ ಬಿಚ್ಚತೊಡಗಿದೆವು. 220ಕ್ಕೆ ಕರಗುವ ವಸ್ತು 180ಕ್ಕೆ ಗಟ್ಟಿಯಾಗಿರುತ್ತೆ ಅಂತ ನಮ್ಮ ಲೆಕ್ಕ. ಕೈಗೆ ಗಟ್ಟಿಯಾಗಿಯೇ ಸಿಕ್ಕಿತು. ಐದು ಹಲಗೆ ಒತ್ತಿ, ಒಂದೊಂದರಿಂದ ಹನ್ನೆರಡು ಪ್ಲೇಟ್ ಕತ್ತರಿಸಿ, ರಂಧ್ರ ಕೊರೆದು ಕಳಿಸಿದೆವು.

ದಪ್ಪ ಅಳೆಯುವ ವರ್ನಿಯರ್ ಹಿಡಿದು ನಮ್ಮ ಹುಡುಗ ಒಬ್ಬ ಆಗಲೇ ಹೇಳಿದ್ದ: "ಅಣ್ಣಾ, ವರ್ನಿಯರ್ 2.8 ತೋರಿಸ್ತಿದೆ." ಟೇಪ್ ಸ್ವಲ್ಪ ದಪ್ಪ ಬಂದಿರಬೇಕು ಬಿಡು ಅಂದೆ. ಅವನ ಮಾತನ್ನು ಅಲ್ಲೇ ಕೇಳಿಸಿಕೊಂಡಿದ್ದರೆ ಈ ಬರಹವೇ ಬೇಕಿರಲಿಲ್ಲ.

ಆಗಸ್ಟ್ ಕೊನೆಯಲ್ಲಿ ಫೋನ್ ಬಂತು. "ಸಾರ್, ತೋಳಿನ ಬುಡದ ಪ್ಲೇಟ್ ಹೋಗಿದೆ. ಮುರಿದಿಲ್ಲ ಸಾರ್, ಬಿಚ್ಕೊಂಡಿದೆ." ನಾನು ಮಾರನೇ ದಿನವೇ ಗಂಗಾವತಿಗೆ ಹೋದೆ. ಡ್ರೋನ್ ಹಾರಿಸುತ್ತಿದ್ದವರು ಸ್ವಸಹಾಯ ಸಂಘದ ಒಬ್ಬ ಅಕ್ಕ. ತರಬೇತಿ ತೆಗೆದುಕೊಂಡು, ಪೈಲಟ್ ಸರ್ಟಿಫಿಕೇಟ್ ಮಾಡಿಸಿಕೊಂಡು, ಊರಿನ ಗದ್ದೆಗಳಿಗೆ ಔಷಧಿ ಹೊಡೆದು ಸಂಪಾದನೆ ಮಾಡುತ್ತಿದ್ದವರು. ಅವರು ಜಗಳ ಆಡಲಿಲ್ಲ, ಕೂಗಾಡಲಿಲ್ಲ. ಒಂದೇ ಮಾತು ಅಂದರು: "ನನ್ನ ಮಗಳು ಅಲ್ಲೇ ಬದುವಿನ ಮ್ಯಾಲೆ ನಿಂತಿದ್ಲ್ರಿ ಸರ್." ಡ್ರೋನ್ ಬಿದ್ದ ಜಾಗದಲ್ಲಿ ಪೈರು ಮಲಗಿತ್ತು. ಅಲ್ಲಿಂದ ಬದುವಿಗೆ ಹತ್ತು ಹೆಜ್ಜೆ. ನಾನು ಅಳೆದು ನೋಡಿದೆ.

ಆ ಪ್ಲೇಟನ್ನು ಕೈಯಲ್ಲಿ ಹಿಡಿದಾಗ ಫೋನಿನಲ್ಲಿ ಹೇಳಿದ್ದು ಅರ್ಥವಾಯಿತು. ನಾರು ಒಂದೂ ತುಂಡಾಗಿರಲಿಲ್ಲ. ಚಿರೋಟಿ ಪದರ ಬಿಟ್ಟುಕೊಂಡ ಹಾಗೆ ಪದರಗಳು ಬೇರೆಬೇರೆಯಾಗಿದ್ದವು. ಬಿಟ್ಟುಕೊಂಡ ಮುಖದಲ್ಲಿ ಅಲ್ಲಲ್ಲಿ ಅಕ್ಕಿ ಕಾಳಿನಂಥ ನುಣುಪಾದ ಗುಳಿಗಳು. ಅಷ್ಟು ಜಾಗದಲ್ಲಿ ಒಂದು ಪದರ ಇನ್ನೊಂದನ್ನು ಮುಟ್ಟಿಯೇ ಇರಲಿಲ್ಲ.

ಶೆಡ್‌ಗೆ ತಂದು ಪಕ್ಕದ ಶೆಡ್‌ನ ಯಜಮಾನರಿಗೆ ತೋರಿಸಿದೆ. ಅವರದು ಇಂಜೆಕ್ಷನ್ ಮೋಲ್ಡಿಂಗ್, ಮೂವತ್ತು ವರ್ಷದ ಅನುಭವ. ಬೆಳಕಿಗೆ ಹಿಡಿದು ಒಂದು ಸಲ ತಿರುಗಿಸಿದರು ಅಷ್ಟೇ. "ಅಲ್ಲಪ್ಪಾ, ನೈಲಾನ್ ಒಣಗಿಸದೆ ಹಾಕಿದೀಯಾ? ನಮ್ಮ ಹುಡುಗರು ಹಾಪರ್ ಡ್ರೈಯರ್ ಆನ್ ಮಾಡದೆ ಒಂದು ಕಾಳು ನೈಲಾನ್ ಮುಟ್ಟಲ್ಲ." ನಡುವೆ ಇರುವುದು ಒಂದು ಗೋಡೆ. ಆ ಗೋಡೆಯ ಆಚೆ ಎಲ್ಲರಿಗೂ ಗೊತ್ತಿದ್ದ ವಿಷಯ ಈಚೆ ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ನೈಲಾನ್ 6 ಗಾಳಿಯಿಂದ ನೀರು ಕುಡಿಯುತ್ತೆ. ಸಾಧಾರಣ ಹವೆಯಲ್ಲಿ ಸುಮ್ನೆ ಇಟ್ಟರೂ ತನ್ನ ತೂಕದ ಶೇಕಡಾ 2.5ರಿಂದ 3ರಷ್ಟು. ನೀರಲ್ಲೇ ಮುಳುಗಿಸಿಟ್ಟರೆ ಶೇಕಡಾ 9ರ ಆಸುಪಾಸು. ಮೋಲ್ಡಿಂಗ್‌ನವರು ಅದನ್ನು ಶೇಕಡಾ 0.2ಕ್ಕಿಂತ ಕೆಳಗೆ ಇಳಿಸದೆ ಕರಗಿಸಲ್ಲ. ಟೇಪ್‌ನಲ್ಲಿ ಅರ್ಧದಷ್ಟು ಕಾರ್ಬನ್, ಅದು ನೀರು ಕುಡಿಯಲ್ಲ. ಉಳಿದರ್ಧ ಕುಡಿದದ್ದೇ ಸಾಕು. ಒಂದು ಗ್ರಾಂ ನೀರು ಕುದಿದು ಆವಿಯಾದರೆ ಸುಮಾರು 1.7 ಲೀಟರ್ ಜಾಗ ಬೇಡುತ್ತೆ. ಮುಚ್ಚಿದ ಪಾತ್ರೆಯಲ್ಲಿ ನೀರನ್ನು 250 ಡಿಗ್ರಿಗೆ ಕಾಯಿಸಿದರೆ ಆವಿಯ ಒತ್ತಡ 40 ಬಾರ್ ಹತ್ತಿರ. ನಮ್ಮ ಪ್ರೆಸ್ ಆ ಹಲಗೆ ಮೇಲೆ ಹಾಕುತ್ತಿದ್ದದ್ದು ಸುಮಾರು 20 ಬಾರ್. ನೈಲಾನ್‌ನೊಳಗೆ ಕರಗಿದ ನೀರು ಪೂರ್ತಿ ಅಷ್ಟು ಬಲ ತೋರಿಸಲ್ಲ, ಸರಿ. ಪ್ರೆಸ್ ಬಿಗಿಯಾಗಿರುವ ತನಕ ಹೇಗೋ ಅದುಮಿಕೊಂಡು ಇರುತ್ತೆ. ಒಳಗೆ ಇನ್ನೂ ಮೆತ್ತಗಿರುವಾಗ ಪ್ರೆಸ್ ಬಿಚ್ಚಿದಿರೋ, ಪೂರಿ ಉಬ್ಬಿದ ಹಾಗೆ ಉಬ್ಬುತ್ತೆ. ಬಿಸಿ ಅಳೆಯುವ ನಮ್ಮ ಥರ್ಮೊಕಪಲ್ ಇದ್ದದ್ದು ಅಚ್ಚಿನ ಅಂಚಿನಲ್ಲಿ. ಅದು 180 ತೋರಿಸುವಾಗ ನಡುಭಾಗ ಅದಕ್ಕಿಂತ ಬಿಸಿಯೇ ಇತ್ತು. ಒತ್ತಿ ಮಲಗಿಸಿದ ನಾರುಗಳೂ ಸ್ಪ್ರಿಂಗ್ ಥರ ಮೇಲೇಳಲು ನೋಡುತ್ತಿರುತ್ತವೆ. ಮೇಲಿನ ಪದರ ಮಾತ್ರ ತಣ್ಣನೆ ಅಚ್ಚಿಗೆ ತಾಗಿ ಮೊದಲೇ ಗಟ್ಟಿಯಾಗಿಬಿಡುತ್ತೆ. ಅದಕ್ಕೇ ಹೊರಗೆ ಕನ್ನಡಿ, ಒಳಗೆ ಗುಳ್ಳೆ.

ಇನ್ನೊಂದು ಹಾನಿ ಕಣ್ಣಿಗೆ ಕಾಣುವುದೇ ಇಲ್ಲ. ತೇವ ಇರುವ ನೈಲಾನನ್ನು ಕರಗಿಸಿದರೆ ನೀರು ಅದರ ಉದ್ದನೆ ಸರಪಳಿಗಳನ್ನು ತುಂಡು ಮಾಡುತ್ತೆ. ಆ ಪ್ಲಾಸ್ಟಿಕ್ ಮತ್ತೆ ಮೊದಲಿನಷ್ಟು ಗಟ್ಟಿಯಾಗಲ್ಲ. ಹಾಗಾಗಿ ಉಬ್ಬಿದ ಪ್ಲೇಟನ್ನು ಮತ್ತೆ ಕಾಯಿಸಿ ಒತ್ತಿ ಸರಿ ಮಾಡೋಣ ಅಂತ ದಯವಿಟ್ಟು ಹೋಗಬೇಡಿ.

ಆ ಮೇಲೆ ಹಳೆ ಸ್ಯಾಂಪಲ್ ಪ್ಲೇಟನ್ನೂ ಜುಲೈ ಪ್ಲೇಟನ್ನೂ ತಕ್ಕಡಿಗೆ ಹಾಕಿದೆ. ಎರಡೂ ಒಂದೇ ತೂಕ. ಒಂದು 2.56 ದಪ್ಪ, ಇನ್ನೊಂದು 2.8. ಒಂದೇ ತೂಕ ಇದ್ದು ದಪ್ಪ ಜಾಸ್ತಿ ಅಂದರೆ ಆ ಜಾಸ್ತಿ ಆಗಿದ್ದೇನು? ಬರೀ ಖಾಲಿ ಜಾಗ. ನೂರರಲ್ಲಿ ಎಂಟೊಂಬತ್ತು ಪಾಲು! ವಿಮಾನದವರು ಒಂದು ಪಾಲು ದಾಟಿದರೇ ಬೇಡ ಅನ್ನುತ್ತಾರೆ. ಇದನ್ನು ಕಂಡುಹಿಡಿಯಲು ನನಗೆ ಬೇಕಾಗಿದ್ದು ಒಂದು ವರ್ನಿಯರ್, ಒಂದು ತಕ್ಕಡಿ. ಎರಡೂ ಶೆಡ್‌ನಲ್ಲೇ ಇದ್ದವು. ನಾಣ್ಯದಿಂದ ತಟ್ಟಿದಾಗಲೂ ವ್ಯತ್ಯಾಸ ಕೇಳಿಸಿತು. ಸಂತೆಯಲ್ಲಿ ಮಡಕೆ ಬಡಿದು ನೋಡುತ್ತಾರಲ್ಲ, ಹಾಗೆ. ಒಳ್ಳೆಯ ಪ್ಲೇಟ್ ಟಣ್ ಅಂದಿತು, ಇದು ನಡುವೆ ಡಬ್ ಅಂದಿತು. ಅಂಚನ್ನು ಎಮರಿ ಪೇಪರ್‌ನಲ್ಲಿ ಉಜ್ಜಿ ಭೂತಗನ್ನಡಿಯಲ್ಲಿ ನೋಡಿದರೆ ಪದರಗಳ ನಡುವೆ ಸಾಲು ಸಾಲು ಕಪ್ಪು ತೂತು.

ಈಗ ನಾವು ಮಾಡುತ್ತಿರುವುದು ಇಷ್ಟು. ರೋಲ್‌ನ ಪ್ಯಾಕ್ ಒಡೆದರೆ ಉಳಿದದ್ದನ್ನು ಅವತ್ತೇ ಅಲ್ಯೂಮಿನಿಯಂ ಫಾಯಿಲ್ ಚೀಲಕ್ಕೆ ಸಿಲಿಕಾ ಜೆಲ್ ಜೊತೆ ಹಾಕಿ ಸೀಲ್ ಮಾಡುತ್ತೇವೆ. ಕತ್ತರಿಸಿದ ಪದರಗಳು ರಾತ್ರಿಯಿಡೀ ವ್ಯಾಕ್ಯೂಮ್ ಓವನ್‌ನಲ್ಲಿ, 80 ಡಿಗ್ರಿಯಲ್ಲಿ. ಬರೀ ಬಿಸಿಗಾಳಿಯಲ್ಲಿ ಇನ್ನೂ ಜಾಸ್ತಿ ಕಾಯಿಸಬೇಡಿ, ನೈಲಾನ್ ಹಳದಿ ತಿರುಗಿ ಕೆಡುತ್ತೆ. ಒಂದು ಚೂರನ್ನು ತೂಗುತ್ತಾ ಇರುತ್ತೇವೆ, ತೂಕ ಇಳಿಯುವುದು ನಿಂತ ಮೇಲೇ ಪ್ರೆಸ್. ಓವನ್‌ನಿಂದ ತೆಗೆದ ಮೇಲೆ ಊಟ ಮಾಡಿ ಬಂದು ಒತ್ತೋಣ ಅನ್ನುವ ಮಾತಿಲ್ಲ. ಥರ್ಮೊಕಪಲ್ ಈಗ ಅಚ್ಚಿನ ನಡುವೆ ಇದೆ. ಅದು 100 ಡಿಗ್ರಿಗಿಂತ ಕೆಳಗೆ ಇಳಿಯುವ ತನಕ ಒತ್ತಡ ಬಿಡಲ್ಲ. ಒಂದು ಹಲಗೆಗೆ ಹಿಡಿಯುವ ಹೊತ್ತು ಎರಡು ಪಟ್ಟಿಗಿಂತ ಜಾಸ್ತಿ ಆಗಿದೆ. ಆಗಲಿ. ಪ್ರತಿ ಹಲಗೆಯಿಂದ ಒಂದು ಪಟ್ಟಿ ಕತ್ತರಿಸಿ, ಪದರ ಬಿಡುವ ಬಲ ಎಷ್ಟು ಅಂತ ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸುತ್ತೇವೆ. ಉದ್ದಕ್ಕೆ ಎಳೆದು ನೋಡುವ ಪರೀಕ್ಷೆಯಲ್ಲಿ ಈ ಗುಳ್ಳೆಗಳು ಅಷ್ಟಾಗಿ ಸಿಕ್ಕಿಬೀಳಲ್ಲ, ಅಲ್ಲಿ ಭಾರ ಹೊರುವುದು ನಾರು.

ಟೇಪ್ ಕೊಳ್ಳುವ ಮುಂಚೆ ಡೇಟಾ ಶೀಟ್ ಕೇಳಿ. ನೈಲಾನ್‌ಗೆ ಒಣಗಿದ್ದಾಗ ಎಷ್ಟು ಬಲ, ತೇವ ಕುಡಿದ ಮೇಲೆ ಎಷ್ಟು ಅಂತ ಎರಡು ಕಾಲಂ ಇರಬೇಕು. ನಮಗೆ ಕೊಟ್ಟಿದ್ದು ಒಂದೇ ಕಾಲಂ, ಒಣಗಿದ್ದರದ್ದು. ಅದರ ಮೇಲೆ ವಿಮಾನದ ಫೋಟೊ ಬೇರೆ. ಯೂರೋಪಿನಲ್ಲಿ ಇಂಥ ಟೇಪ್‌ನಿಂದ 8 ಮೀಟರ್ ಉದ್ದದ ವಿಮಾನದ ಒಡಲನ್ನೇ ಮಾಡಿ, ಎರಡು ಚಿಪ್ಪುಗಳನ್ನು ಜರ್ಮನಿಯ ಸ್ಟಾಡೆಯಲ್ಲಿ ವೆಲ್ಡ್ ಮಾಡಿ ಜೋಡಿಸಿದ್ದು ನಿಜ. ಆದರೆ ಅದು ಪೀಕ್ ಜಾತಿಯ ಪ್ಲಾಸ್ಟಿಕ್. 300 ಡಿಗ್ರಿ ದಾಟದೆ ಕರಗಲ್ಲ, ನೀರನ್ನು ಹೆಚ್ಚುಕಮ್ಮಿ ಮುಟ್ಟುವುದೇ ಇಲ್ಲ, ಬೆಲೆಯೂ ಹಾಗೇ ಇದೆ. ಆ ಫೋಟೊ ತೋರಿಸಿ ನೈಲಾನ್ ಮಾರುವುದು ಮೋಸ. ನೈಲಾನ್ ಪ್ಲೇಟ್ ಎಷ್ಟೇ ಚೆನ್ನಾಗಿ ಒತ್ತಿದ್ದರೂ ಆಮೇಲೆ ಗದ್ದೆಯ ತೇವ ಕುಡಿದು ಸ್ವಲ್ಪ ಮೆತ್ತಗಾಗುತ್ತೆ. ಆ ಲೆಕ್ಕ ಹಿಡಿದೇ ದಪ್ಪ ನಿರ್ಧರಿಸಬೇಕು.

ಐದರಲ್ಲಿ ನಾಲ್ಕು ಡ್ರೋನ್‌ಗಳ ಪ್ಲೇಟ್ ವಾಪಸ್ ತರಿಸಿ, ನನ್ನ ಕೈಯಾರೆ ಕತ್ತರಿಸಿ ಹಾಕಿದ್ದೇನೆ. ಐದನೆಯದು ಕೈ ಬದಲಾಗಿದೆ. ಸಿಂಧನೂರು ಕಡೆಯ ಯಾರೋ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡರು ಅನ್ನುವುದಷ್ಟೇ ಗೊತ್ತಾಗಿದೆ. ಆ ಭಾಗದಲ್ಲಿ ಔಷಧಿ ಹೊಡೆಯುವ ಆರು ತೋಳಿನ ಹಳೆ ಡ್ರೋನ್ ಯಾರ ಹತ್ತಿರವಾದರೂ ಇದ್ದರೆ ತೋಳಿನ ಬುಡ ನೋಡಿ. ನಮ್ಮದು ಕಪ್ಪು ಪ್ಲೇಟ್, 90 ಮಿಮೀ ಉದ್ದ, 70 ಮಿಮೀ ಅಗಲ, ಮೂಲೆಗೊಂದರಂತೆ ನಾಲ್ಕು ರಂಧ್ರ. ಬೋಲ್ಟ್ ಬಿಚ್ಚಿ, ಪ್ಲೇಟಿನ ನಡುವೆ ವರ್ನಿಯರ್ ಹಿಡಿಯಿರಿ. 2.7 ಮಿಮೀಗಿಂತ ಜಾಸ್ತಿ ತೋರಿಸಿದರೆ ಅವತ್ತೇ ಹಾರಿಸುವುದು ನಿಲ್ಲಿಸಿ ನನಗೆ ತಿಳಿಸಿ. ಹನ್ನೆರಡೂ ಹೊಸ ಪ್ಲೇಟ್ ಮಾಡಿ ತೆಗೆದಿಟ್ಟಿದ್ದೇನೆ. ನಾನೇ ಬಂದು ಹಾಕಿಕೊಡುತ್ತೇನೆ, ದುಡ್ಡು ಬೇಡ.